ಕಿರಿದಾದ ಸರಕು, ಹಿರಿದಾದ ಸಂತೆ

ಅಂತರಜಾಲದ ಮೂಲಕ ಏನನ್ನಾದರೂ ಮಾರಿ ಬದುಕು ಕಟ್ಟಿಕೊಳ್ಳಬೇಕೆಂಬ ಆಸೆ ಇಂದು ನಗರದವರಿಗಷ್ಟೇ ಮೀಸಲಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಂಥ ಊರಿನಿಂದಲೂ ದೆಹಲಿಯ ಗಿರಾಕಿಗೆ ಸರಕು ಕಳಿಸುವುದು ಸಾಧ್ಯವಾಗಿದೆ. ಸಾಧ್ಯವಾದದ್ದೇನೋ ನಿಜ, ಆದರೆ ಏನನ್ನು ಮಾರಬೇಕು? ಎಲ್ಲರೂ ಮಾರುವುದನ್ನೇ ಮಾರಿದರೆ ದೊಡ್ಡ ವ್ಯಾಪಾರಿಯ ಬೆಲೆಯ ಮುಂದೆ ನಿಲ್ಲಲಾಗದು. ಯಾರೂ ಮಾರದ್ದನ್ನು ಮಾರೋಣವೆಂದರೆ ಕೊಳ್ಳುವವರು ಸಿಗಬೇಕಲ್ಲ! ಹೊಗೆಸೊಪ್ಪಿನ ಬೆಳೆಯನ್ನೇ ಬಹುವಾಗಿ ನೆಚ್ಚಿರುವ ಹುಣಸೂರು–ಪಿರಿಯಾಪಟ್ಟಣ ಸೀಮೆಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ. ಇದಕ್ಕೆ ನಮ್ಮ ಹಿಂದಿನವರು ತಮ್ಮದೇ ರೀತಿಯಲ್ಲಿ ಉತ್ತರ ಕಂಡುಕೊಂಡಿದ್ದರು.

ಸಂತೆಯ ಲೆಕ್ಕ

ಹಳ್ಳಿಯ ದಿನಸಿ ಅಂಗಡಿಯವನು ಉಪ್ಪಿನಿಂದ ಸೀಮೆಎಣ್ಣೆಯವರೆಗೆ ಎಲ್ಲವನ್ನೂ ಇಡುತ್ತಿದ್ದ. ಅವನ ಗಿರಾಕಿಗಳು ಒಂದೇ ಊರಿನವರು. ಆ ಊರಿಗೆ ಬೇಕಾದುದೆಲ್ಲ ಅವನಲ್ಲಿ ಇರಬೇಕಿತ್ತು. ಬಳೆಗಾರನ ಲೆಕ್ಕ ಇದಕ್ಕೆ ತೀರಾ ಬೇರೆ. ಅವನಲ್ಲಿದ್ದುದು ಬಳೆ ಮಾತ್ರ. ಒಂದೇ ಊರಿನಲ್ಲಿ ಕುಳಿತರೆ ಹಬ್ಬ ಮದುವೆಗಳ ನಡುವೆ ಅವನ ಒಲೆ ಉರಿಯುತ್ತಿರಲಿಲ್ಲ. ಆದ್ದರಿಂದ ಅವನು ಮಲಾರ ಹೊತ್ತು ಊರೂರು ತಿರುಗಿದ, ದಿನಕ್ಕೊಂದು ಸಂತೆಯಂತೆ ವಾರವನ್ನು ಹಂಚಿಕೊಂಡ. ಕಂಬಳಿ ಮಾರುವವನೂ ಚಾಪೆ ಮಾರುವವಳೂ ಮಾಡಿದ್ದು ಇದನ್ನೇ. ಒಂದೊಂದು ಊರಿನಲ್ಲಿ ನಾಲ್ಕಾರು ಮಂದಿಗೆ ಮಾತ್ರ ಬೇಕಾದ ವಸ್ತುವಿಗೆ ನಲವತ್ತು ಊರಿನ ಗಿರಾಕಿಗಳನ್ನು ಕೂಡಿಸಿದರೆ ಒಂದು ಸಂಸಾರ ನಡೆಯುತ್ತದೆ. ಸರಕು ಕಿರಿದಾದಷ್ಟೂ ಓಡಾಟದ ನೆಲ ಹಿರಿದಾಗಬೇಕೆಂಬುದು ಈ ವ್ಯಾಪಾರದ ಮೂಲಸೂತ್ರ. ಮುಂದೆ ರೈಲು, ಅಂಚೆ, ಅಂತರಜಾಲಗಳು ಒಂದೊಂದಾಗಿ ಬಂದು ಈ ನೆಲವನ್ನು ಹಿಗ್ಗಿಸಿದವು; ಸೂತ್ರವನ್ನು ಬದಲಿಸಲಿಲ್ಲ.

ಅಂಚೆ ತಂದ ನಂಬಿಕೆ

ದೂರದ ಗಿರಾಕಿಯ ಜೊತೆಗೆ ಒಂದು ತೊಡಕೂ ಬಂತು. ಮುಖ ಕಾಣದ ಮಾರಾಟಗಾರನಿಗೆ ಮೊದಲೇ ಹಣ ಕಳಿಸುವುದು ಹೇಗೆ? ಹಣ ಬಾರದೆ ಸರಕು ಕಳಿಸುವುದು ಹೇಗೆ? ಭಾರತದ ಅಂಚೆ ಇಲಾಖೆ 1877ರಲ್ಲಿ ಆರಂಭಿಸಿದ ವಿ.ಪಿ.ಪಿ. ವ್ಯವಸ್ಥೆ ಈ ಗಂಟನ್ನು ಬಿಡಿಸಿತು. ಪೋಸ್ಟ್‌ಮ್ಯಾನ್ ಪೊಟ್ಟಣವನ್ನು ಕೊಟ್ಟು ಹಣ ಪಡೆಯುತ್ತಿದ್ದ. ಅದು ಮನಿಯಾರ್ಡರಿನ ಮೂಲಕ ಮಾರಿದವನಿಗೆ ಸೇರುತ್ತಿತ್ತು. ಪುಸ್ತಕ, ಔಷಧಿ, ಕೈಗಡಿಯಾರಗಳ ವ್ಯಾಪಾರಿಗಳು ಪತ್ರಿಕೆಯ ಮೂಲೆಯಲ್ಲೊಂದು ಪುಟ್ಟ ಜಾಹೀರಾತು ಹಾಕಿ, ತಾವು ಎಂದೂ ಕಾಣದ ಊರುಗಳಿಗೆ ಸರಕು ಕಳಿಸುವಂತಾಯಿತು.

ಮೈಸೂರು ಸೀಮೆಯಲ್ಲಿ ಒಂದೇ ಸರಕಿನಿಂದ ಹೆಸರಾದವರಿಗೆ ಕೊರತೆಯಿಲ್ಲ. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಹಲ್ಲುಪುಡಿ ಅನೇಕ ಮನೆಗಳ ಬಚ್ಚಲಿನಲ್ಲಿ ಸ್ಥಾನ ಪಡೆಯಿತು. ಎನ್. ರಂಗರಾಯರು 1948ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಊದುಬತ್ತಿಯ ಉದ್ಯಮ ‘ಸೈಕಲ್’ ಹೆಸರಿನಲ್ಲಿ ದೇಶದಾಚೆಗೂ ಹೋಯಿತು. ಸೈಕಲ್ಲಿನ ಚಿತ್ರವನ್ನು ಗುರುತಿಸಲು ಯಾವ ಭಾಷೆಯನ್ನೂ ಓದಬೇಕಾಗಿಲ್ಲ. ದೂರದ ಗಿರಾಕಿಗೆ ಅಂಗಡಿಯವನ ಮುಖ ಕಾಣದಿದ್ದಾಗ ಆ ಮುಖದ ಕೆಲಸವನ್ನು ಪೊಟ್ಟಣದ ಮೇಲಿನ ಗುರುತು ಮಾಡಬೇಕಾಗುತ್ತದೆ.

ಬೈಲಕುಪ್ಪೆಯ ಸ್ವೆಟರ್

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಇದಕ್ಕಿಂತ ಸೋಜಿಗದ ಉದಾಹರಣೆಯಿದೆ. 1959ರ ನಂತರ ನೆಲೆ ಕಳೆದುಕೊಂಡು ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಮೀನು ನೀಡಿತು. ಕಾಡು ಕಡಿದು ಜೋಳ ಬೆಳೆದ ಆ ಜನಕ್ಕೆ ಮಳೆಗಾಲದ ಒಂದು ಬೆಳೆಯಿಂದ ವರ್ಷವಿಡೀ ಉಣ್ಣುವುದು ಸಾಧ್ಯವಾಗಲಿಲ್ಲ. ಸುಗ್ಗಿ ಮುಗಿದ ಮೇಲೆ ಅನೇಕ ಕುಟುಂಬಗಳವರು ಭಾರತದ ನಗರಗಳಿಗೆ ಹೋಗಿ ಚಳಿಗಾಲದ ಕೆಲವು ತಿಂಗಳು ಸ್ವೆಟರ್ ಮಾರತೊಡಗಿದರು. ಕಾಲಕ್ರಮದಲ್ಲಿ ಈ ಉಡುಪಿನ ಬಹುಪಾಲು ಪಂಜಾಬಿನ ಲುಧಿಯಾನದ ಸಗಟು ವ್ಯಾಪಾರಿಗಳಿಂದಲೇ ಬರತೊಡಗಿತು.

ಇಲ್ಲಿ ಸರಕು ಅವರ ಮನೆಯಲ್ಲಿ ತಯಾರಾದದ್ದಲ್ಲ. ಅವರು ಕಂಡುಕೊಂಡದ್ದು ಒಂದು ಋತುವನ್ನು. ವರ್ಷವಿಡೀ ಬಾಡಿಗೆ ಕಟ್ಟುವ ಬಟ್ಟೆ ಅಂಗಡಿಯವನಿಗೆ ಎರಡು ಮೂರು ತಿಂಗಳ ಉಣ್ಣೆ ಬಟ್ಟೆ ಮುಖ್ಯ ವ್ಯಾಪಾರವಾಗಲಾರದು. ಬೇಸಾಯದಿಂದ ಬಿಡುವಾದವರಿಗೆ ಅಷ್ಟೇ ಸಾಕಾಯಿತು. ಚಳಿನಾಡಿನಿಂದ ಬಂದವರ ಕೈಯಿಂದ ಉಣ್ಣೆಯ ಉಡುಪು ಕೊಳ್ಳುವುದು ಗಿರಾಕಿಗೂ ಸಹಜವೆನಿಸಿತು. ಸರಕನ್ನು ಸಾಲವಾಗಿ ಪಡೆದು, ಋತು ಮುಗಿದ ಮೇಲೆ ಹಣ ತೀರಿಸುವ ಪರಿಪಾಠವನ್ನು ಅವರು ಉಳಿಸಿಕೊಂಡು ಬಂದರು. ಬಂಡವಾಳವಿಲ್ಲದ ನಿರಾಶ್ರಿತರಿಗೆ ಕೊಟ್ಟ ಮಾತೇ ಬಂಡವಾಳವಾಯಿತು ಎನ್ನಬಹುದು.

ಹೊಗೆಸೊಪ್ಪಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಈ ಸೀಮೆಯ ಮಣ್ಣು, ಮಳೆಗಳಲ್ಲಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪೂ ಒಂದು ವಿಶೇಷ ಸರಕೇ. ಅದಕ್ಕೆ ಹೊರದೇಶಗಳಲ್ಲಿ ಗಿರಾಕಿಗಳಿದ್ದಾರೆ. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಗಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂತು. ರೈತನಿಗೆ ಮಾರುಕಟ್ಟೆ ಸಿಕ್ಕಿತು, ಆದರೆ ಕೊನೆಯ ಗಿರಾಕಿ ಕಾಣಲಿಲ್ಲ. ಎಷ್ಟು ಬೆಳೆಯಬೇಕೆಂಬುದನ್ನು ಮಂಡಳಿ ಗೊತ್ತುಮಾಡುತ್ತದೆ, ಬೆಲೆಯನ್ನು ಹರಾಜಿನಲ್ಲಿ ಕೂಗುವ ಕಂಪೆನಿಗಳು ಹೇಳುತ್ತವೆ. ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿದ ಮೇಲೆ ಪರ್ಯಾಯ ಬೆಳೆಯ ಮಾತು ಗಟ್ಟಿಯಾಗಿ ಕೇಳಿಬರುತ್ತಿದೆ. ಸರಕು ವಿಶೇಷವಾಗಿದ್ದ ಮಾತ್ರಕ್ಕೆ ಬೆಲೆ ಬೆಳೆದವನ ಕೈಯಲ್ಲಿರುವುದಿಲ್ಲ.

ಪುಸ್ತಕದಿಂದ ಶುರು

ಭಾರತದ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅದೇ ವರ್ಷ ಅಮೆರಿಕದಲ್ಲಿ ಅಮೆಜಾನ್ ಮಾರಾಟ ಆರಂಭಿಸಿತು, ಅದೂ ಪುಸ್ತಕಗಳಿಂದ. ಲಕ್ಷಾಂತರ ಶೀರ್ಷಿಕೆಗಳನ್ನು ಯಾವ ಅಂಗಡಿಯೂ ಇಡಲಾರದು. ಪುಸ್ತಕ ಕೆಡುವುದಿಲ್ಲ, ಅಳತೆ ನೋಡಿ ಕೊಳ್ಳಬೇಕಾಗಿಲ್ಲ, ಅಂಚೆಯಲ್ಲಿ ಸುಲಭವಾಗಿ ಹೋಗುತ್ತದೆ. ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ ಫ್ಯಾಬ್‌ಮಾರ್ಟ್ ಸಂಗೀತದ ಕ್ಯಾಸೆಟ್ಟು, ಸಿ.ಡಿ.ಗಳಿಂದ ಶುರುಮಾಡಿತು. 2007ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಫ್ಲಿಪ್‌ಕಾರ್ಟ್ ಕೂಡ ಮೊದಲು ಮಾರಿದ್ದು ಪುಸ್ತಕಗಳನ್ನು. ಸರಕು ಕೈಗೆ ಬಂದ ಮೇಲೆ ಹಣ ಕೊಡುವ ಅನುಕೂಲವನ್ನು ಅದು 2010ರಲ್ಲಿ ತಂದಾಗ ಹೊಸ ಶೋಧವೆಂಬಂತೆ ಕಂಡಿತು. ವಿ.ಪಿ.ಪಿ.ಯನ್ನು ಬಲ್ಲ ಹಿರಿಯರಿಗೆ ಅದು ಹಳೆಯ ನೆಂಟನೇ.

ಆದರೆ ಮುಂದೆ ನಡೆದದ್ದು ಬೇರೆ. ಒಂದೇ ಬಗೆಯ ಸರಕಿನಿಂದ ನಂಬಿಕೆ ಗಳಿಸಿದವರು ಎಲ್ಲವನ್ನೂ ಮಾರುವ ದೊಡ್ಡ ಸಂತೆಗಳಾದರು. ಫ್ಯಾಬ್‌ಮಾರ್ಟಿನ ಬೇರಿನಿಂದ ಬೆಳೆದ ಇಂಡಿಯಾಪ್ಲಾಜಾ 2013ರಲ್ಲಿ ಮುಚ್ಚಿತು. 2018ರಲ್ಲಿ ಫ್ಲಿಪ್‌ಕಾರ್ಟಿನ ಬಹುಪಾಲು ಒಡೆತನ ವಾಲ್‌ಮಾರ್ಟ್ ಕೈಸೇರಿತು. ಸಣ್ಣ ಮಾರಾಟಗಾರ ಈಗ ಈ ದೊಡ್ಡ ಸಂತೆಗಳಲ್ಲಿ ಸುಂಕ ತೆತ್ತು ಕುಳಿತುಕೊಳ್ಳುತ್ತಾನೆ. ಅಲ್ಲಿ ಗಿರಾಕಿ ಸಂತೆಯ ಒಡೆಯನಿಗೆ ಪರಿಚಿತ, ಮಾರುವವನಿಗಲ್ಲ. ಇದು ಹರಾಜು ಕಟ್ಟೆಯ ಕಷ್ಟಕ್ಕೆ ಹತ್ತಿರದ್ದೇ.

ಇಂದಿನ ವ್ಯಾಪಾರಿಗೆ

ಹಾಗಾದರೆ ಹಾರನಹಳ್ಳಿಯ ಒಬ್ಬ ಯುವತಿ ಏನನ್ನು ಮಾರಬಹುದು? ಇಂಥದ್ದೇ ಎಂದು ಹೇಳುವುದು ಜಾಣತನವಲ್ಲ. ಪರೀಕ್ಷೆಯ ಪ್ರಶ್ನೆಗಳನ್ನು ಮಾತ್ರ ಇತಿಹಾಸ ಕೊಡುತ್ತದೆ. ಹತ್ತಿರದ ಅಂಗಡಿಯಲ್ಲಿ ಸಿಗದ ವಸ್ತುವೇ? ನಾಲ್ಕು ದಿನದ ಪ್ರಯಾಣವನ್ನು ತಾಳುತ್ತದೆಯೇ? ಒಮ್ಮೆ ಕೊಂಡವರು ಮತ್ತೆ ಕೇಳುವರೇ? ಸಾಗಾಣಿಕೆಯ ಖರ್ಚು ಕಳೆದ ಮೇಲೂ ಏನಾದರೂ ಉಳಿಯುವುದೇ? ಹುರಿಹಿಟ್ಟು, ಉಪ್ಪಿನಕಾಯಿಗಳಂಥ ತಿನಿಸಾದರೆ ಆಹಾರ ಸುರಕ್ಷತಾ ನೋಂದಣಿ ಬೇಕು. ಅಂತರಜಾಲದ ಮಳಿಗೆಗಳ ಮೂಲಕ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳಿಗೆ 2023ರ ಅಕ್ಟೋಬರ್ 1ರಿಂದ ಜಿ.ಎಸ್.ಟಿ. ನೋಂದಣಿಯಲ್ಲಿ ವಿನಾಯಿತಿ ದೊರೆತಿದೆ. ಹೊರರಾಜ್ಯಕ್ಕೆ ಕಳಿಸುವುದಾದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ನೋಂದಣಿ ಕಡ್ಡಾಯ. ನೆಲ ಹಿರಿದಾದಂತೆ ಸುಂಕದ ಕಟ್ಟೆಗಳೂ ಹೆಚ್ಚುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಗಿರಾಕಿಯ ವಿಳಾಸ ಯಾರ ಬಳಿ ಇದೆ ಎಂಬುದು. ಯಾವ ಮನೆಯ ಹೆಣ್ಣುಮಗಳಿಗೆ ಯಾವ ಅಳತೆಯ ಬಳೆ ಎಂಬುದು ಬಳೆಗಾರನಿಗೆ ನೆನಪಿರುತ್ತಿತ್ತು. ದೊಡ್ಡ ಸಂತೆಯಲ್ಲಿ ಕುಳಿತು ಹೆಸರು ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಮತ್ತೆ ಬೇಕೆಂದಾಗ ಗಿರಾಕಿ ನೇರವಾಗಿ ತನ್ನನ್ನೇ ಕೇಳುವಂತೆ ಮಾಡಿಕೊಂಡವರ ವ್ಯಾಪಾರ ಸಂತೆ ಕದಲಿದ ಮೇಲೂ ಉಳಿಯುತ್ತದೆ.