ನೆರವಿಗೆ ಓಡುವವರ ದಣಿವು: ಪೊಟೊಮ್ಯಾಕ್ ದಡದಿಂದ ಒಂದು ಇತಿಹಾಸ

ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡಿಗರಿಗೆ 14ನೇ ಬೀದಿಯ ಸೇತುವೆ ಪರಿಚಿತ. 1982ರ ಜನವರಿ 13ರಂದು ಹಿಮ ಸುರಿಯುತ್ತಿದ್ದಾಗ ನ್ಯಾಷನಲ್ ವಿಮಾನ ನಿಲ್ದಾಣದಿಂದ ಮೇಲೆದ್ದ ಏರ್ ಫ್ಲೋರಿಡಾದ ಬೋಯಿಂಗ್ 737 ಅದಕ್ಕೆ ಬಡಿದು ಪೊಟೊಮ್ಯಾಕ್ ನದಿಯ ಮಂಜುಗಡ್ಡೆಯೊಳಕ್ಕೆ ಮುಳುಗಿತು. ಸತ್ತವರು 78 ಮಂದಿ. ಅವರಲ್ಲಿ ನಾಲ್ವರು ಸೇತುವೆಯ ಮೇಲಿದ್ದವರು. ವಿಮಾನದಲ್ಲಿದ್ದವರ ಪೈಕಿ ಉಳಿದದ್ದು ಐವರು ಮಾತ್ರ. ಸ್ವಲ್ಪ ಹೊತ್ತಿನಲ್ಲೇ ಅದೇ ನಗರದ ಮೆಟ್ರೋ ರೈಲು ಹಳಿ ತಪ್ಪಿ ಇನ್ನೂ ಮೂವರು ತೀರಿಕೊಂಡರು. ಹಗ್ಗವನ್ನು ಪಕ್ಕದವರಿಗೆ ದಾಟಿಸಿ ತಾನು ಮುಳುಗಿದ ಅರ್ಲಂಡ್ ವಿಲಿಯಮ್ಸ್ ಹೆಸರು ಆಮೇಲೆ ಸೇತುವೆಗೇ ಬಂತು. ಮುಂದಿನ ದಿನಗಳಲ್ಲಿ ಆ ನೀರಿನಿಂದ ಶವಗಳನ್ನು ಎತ್ತಿದವರ ಮಾತು ಬಂದದ್ದು ಕಡಿಮೆ.

ಅವರ ಅವಸ್ಥೆಗೆ ಹೆಸರೇನೋ ಆಗಲೇ ಇತ್ತು. ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಹಗಲು ತಮ್ಮ ಸ್ವಂತ ವೃತ್ತಿ, ಸಂಜೆ ಉಚಿತ ಚಿಕಿತ್ಸಾಲಯ ಎಂದು ದುಡಿದು ಕುಸಿದವರು. 1974ರಲ್ಲಿ ಅವರು ಅದನ್ನು ‘ಬರ್ನ್‌ಔಟ್’ ಎಂದು ಕರೆದರು. ಮೊದಲು ಸುಟ್ಟುಹೋಗುವವರು ಸೋಮಾರಿಗಳಲ್ಲ, ಅತಿ ನಿಷ್ಠೆಯವರು ಎಂಬುದು ಅವರ ಮುಖ್ಯ ಮಾತು.

ಮೇರಿಲ್ಯಾಂಡಿನಲ್ಲಿ ಅಗ್ನಿಶಾಮಕನಾಗಿದ್ದ ಜೆಫ್ರಿ ಮಿಚೆಲ್ 1983ರಲ್ಲಿ ಒಂದು ಮದ್ದು ಸೂಚಿಸಿದರು. ಘಟನೆ ನಡೆದು ಒಂದರಿಂದ ಮೂರು ದಿನಗಳೊಳಗೆ ಇಡೀ ತಂಡವನ್ನು ಕೂರಿಸಿ, ಏನಾಯಿತು, ಏನನ್ನಿಸಿತು, ಮೈಯಲ್ಲಿ ಏನು ಬದಲಾಗಿದೆ ಎಂದು ಏಳು ಹಂತಗಳಲ್ಲಿ ಮಾತಾಡಿಸುವುದು. ಇದಕ್ಕೆ ‘ಡೀಬ್ರೀಫಿಂಗ್’ ಎಂದು ಹೆಸರು. ಅಳುವುದೇ ನಾಚಿಕೆ ಎನ್ನುವ ಠಾಣೆಗಳಲ್ಲಿ ಇದು ದೊಡ್ಡ ಹೆಜ್ಜೆಯೇ. ಆದರೆ ಪುರಾವೆ ಬರುವ ಮೊದಲೇ ಪದ್ಧತಿ ಹಲವು ದೇಶಗಳಿಗೆ ಹರಡಿತು.

ಪುರಾವೆ ಬಂದಾಗ ಕಹಿಯಾಗಿತ್ತು. ಸುಟ್ಟಗಾಯದ ರೋಗಿಗಳ ಒಂದು ಅಧ್ಯಯನದಲ್ಲಿ, ಡೀಬ್ರೀಫಿಂಗ್ ಪಡೆದವರಲ್ಲಿ 26 ಶೇಕಡಾ ಮಂದಿಗೆ 13 ತಿಂಗಳ ನಂತರವೂ ಆಘಾತದ ಕಾಯಿಲೆ. ಪಡೆಯದವರಲ್ಲಿ 9 ಶೇಕಡಾ. 2005ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಒಂದೇ ಬೈಠಕ್ಕಿನ ಈ ಕ್ರಮವನ್ನು ವಾಡಿಕೆಯಾಗಿ ಬಳಸಬೇಡಿ ಎಂದಿತು. ತಮ್ಮದು ದುಡಿಯುವ ತಂಡಕ್ಕೆ, ಒಂಟಿ ರೋಗಿಗಲ್ಲ ಎಂಬುದು ಮಿಚೆಲ್ ಪಕ್ಷದವರ ಆಕ್ಷೇಪ; ಅದರಲ್ಲಿ ಹುರುಳಿದೆ. ಆದರೂ ಬಲವಂತವಾಗಿ ಮಾತಾಡಿಸುವುದು ಮದ್ದಲ್ಲ ಎಂಬುದು ಸ್ಪಷ್ಟವಾಯಿತು. ಸಹೋದ್ಯೋಗಿಯ ಆಸರೆ, ನಿದ್ದೆ, ಪಾಳಿಯ ನಡುವೆ ಬಿಡುವು, ಬೇಕಾದವರಿಗೆ ತಜ್ಞರ ಚಿಕಿತ್ಸೆ: ಒತ್ತು ಇತ್ತ ಸರಿಯಿತು.

2001ರ ಸೆಪ್ಟೆಂಬರ್ 11ರಂದು 343 ಸಿಬ್ಬಂದಿಯನ್ನು ಕಳೆದುಕೊಂಡ ನ್ಯೂಯಾರ್ಕ್ ಅಗ್ನಿಶಾಮಕ ದಳ ಆಪ್ತಸಮಾಲೋಚಕರನ್ನು ಠಾಣೆಗಳಿಗೇ ಕಳುಹಿಸಿತು. ಬಾಗಿಲಿಗೆ ಬಂದವರ ಜೊತೆ ಮಾತಾಡುವುದು ಸುಲಭ; ಕಚೇರಿ ಹುಡುಕಿಕೊಂಡು ಹೋಗುವುದು ಕಷ್ಟ.

ನಮ್ಮವರಿಗೆ ಹೆಚ್ಚು ತಾಗುವ ವಿಷಯ ಬೇರೆ. ಇಲ್ಲಿನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಕನ್ನಡಿಗ ವೈದ್ಯರು, ದಾದಿಯರು ಇದ್ದಾರೆ. 2020ರ ಏಪ್ರಿಲ್‌ನಲ್ಲಿ ಜೀವ ಕಳೆದುಕೊಂಡ ನ್ಯೂಯಾರ್ಕಿನ ತುರ್ತುವೈದ್ಯೆ ಲೋರ್ನಾ ಬ್ರೀನ್ ಹೆಸರಿನಲ್ಲಿ 2022ರ ಮಾರ್ಚ್‌ನಲ್ಲಿ ಒಕ್ಕೂಟ ಕಾನೂನು ಬಂತು. ಆದರೆ ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಳಿ. ಹಿಂದೆ ಮಾನಸಿಕ ಚಿಕಿತ್ಸೆ ಪಡೆದಿದ್ದೀರಾ ಎಂದು ಅರ್ಜಿಯಲ್ಲಿ ಕೇಳಿದರೆ, ವೈದ್ಯರು ಚಿಕಿತ್ಸೆಯನ್ನೇ ತಪ್ಪಿಸಿಕೊಳ್ಳುತ್ತಾರೆ. ಹಲವು ರಾಜ್ಯಗಳು ಈಚೆಗೆ ಆ ಸಾಲನ್ನು ತಿದ್ದಿವೆ, ಎಲ್ಲವೂ ಅಲ್ಲ. ಅರ್ಜಿ ತುಂಬುವಾಗ ಓದಿ ನೋಡಿ.