ಮುಚ್ಚಿಟ್ಟ ನಾಲ್ಕು ಪುಟಗಳು

ನಾನು ಪಾಠಶಾಲೆಯಲ್ಲಿ ಕಾವ್ಯವನ್ನೋದುತ್ತಿದ್ದ ಕಾಲದಲ್ಲಿ, ಕುಮಾರಸಂಭವದ ಏಳನೆಯ ಸರ್ಗ ಮುಗಿದೊಡನೆ ಗುರುಗಳು ಪುಸ್ತಕವನ್ನು ಕಟ್ಟಿಡಿಸುತ್ತಿದ್ದರು. ಎಂಟನೆಯ ಸರ್ಗವು ಬಾಲಕರಿಗೆ ಸಲ್ಲದೆಂಬುದು ಅವರ ಅಭಿಪ್ರಾಯ. ಮುಂದೆ ನಾನೂ ಉಪಾಧ್ಯಾಯನಾಗಿ ಅದೇ ಪದ್ಧತಿಯನ್ನು ಅನುಸರಿಸಿದೆನು. ಆ ಪದ್ಧತಿಯ ವಿಷಯದಲ್ಲಿ ನನಗೆ ಶಂಕೆಯನ್ನು ಹುಟ್ಟಿಸಿದುದು ಒಬ್ಬ ಆಂಗ್ಲ ವೈದ್ಯನ ವೃತ್ತಾಂತ. ಅದನ್ನು ವಾಚಕಮಹಾಶಯರ ಮುಂದಿಡುತ್ತೇನೆ.

ಜಾರ್ಜ್ ಮರ್ರೆ ಲೆವಿಕ್ ಎಂಬವನು ಕ್ಯಾಪ್ಟನ್ ಸ್ಕಾಟನ ಕಡೆಯ ದಕ್ಷಿಣಧ್ರುವಯಾತ್ರೆಯಲ್ಲಿ ಶಸ್ತ್ರವೈದ್ಯನಾಗಿದ್ದನು. ಸ್ಕಾಟನು 1912ರಲ್ಲಿ ಧ್ರುವದಿಂದ ಹಿಂದಿರುಗುವಾಗ ಹಿಮದಲ್ಲಿ ಮಡಿದನೆಂಬುದು ಸುವಿದಿತವೇ. ಲೆವಿಕ್ಕನಾದರೋ ಬೇರೊಂದು ತಂಡದೊಡನೆ ಅಡೇರ್ ಭೂಶಿರದಲ್ಲಿದ್ದು, 1911-12ರ ಬೇಸಗೆಯಲ್ಲಿ ಅಲ್ಲಿಯ ಅಡೇಲಿ ಪೆಂಗ್ವಿನ್ ಪಕ್ಷಿಗಳ ದಿನಚರಿಯನ್ನು ಸಾವಧಾನವಾಗಿ ಬರೆದಿಟ್ಟನು. ಗಂಡು ಗಂಡಿನೊಡನೆ ಕೂಡುವುದನ್ನೂ, ಸತ್ತ ಹೆಣ್ಣುಗಳನ್ನೂ ಗಂಡುಗಳು ಬಿಡದಿರುವುದನ್ನೂ, ಮರಿಗಳನ್ನು ಪೀಡಿಸುವುದನ್ನೂ ಅವನು ಕಂಡನು. ಕಂಡು ಬೆದರಿ, ಆ ಭಾಗಗಳನ್ನು ಗ್ರೀಕ್ ಅಕ್ಷರಗಳಲ್ಲಿ ಮರೆಮಾಡಿದನು.

1914ರಲ್ಲಿ ಪ್ರಕಟವಾದ ಅವನ ಪೆಂಗ್ವಿನ್ ಗ್ರಂಥದಲ್ಲಿ ಈ ವಿಷಯಗಳಿಲ್ಲ. ಯಾತ್ರೆಯ ಅಧಿಕೃತ ವರದಿಯಿಂದಲೂ ಲಂಡನ್ನಿನ ವಸ್ತುಸಂಗ್ರಹಾಲಯದ ಪಂಡಿತರು ಇವನ್ನು ತೆಗೆದುಹಾಕಿದರು. 1915ರಲ್ಲಿ ನಾಲ್ಕು ಪುಟಗಳ ಪತ್ರಿಕೆಯೊಂದು, ಪ್ರಕಟಣೆಗಲ್ಲವೆಂಬ ಸೂಚನೆಯೊಡನೆ, ಕೇವಲ 100 ಪ್ರತಿಗಳಷ್ಟು ಮುದ್ರಿತವಾಗಿ ಆಪ್ತರಲ್ಲಿ ಮಾತ್ರ ಹಂಚಲ್ಪಟ್ಟಿತು. ಡಗ್ಲಾಸ್ ರಸಲ್ ಎಂಬ ಸಂಗ್ರಹಪಾಲಕನೂ ಸಂಗಡಿಗರೂ ಅದನ್ನು ಲೋಕಕ್ಕೆ ಪ್ರಕಟಿಸಿದುದು 2012ರಲ್ಲಿ!

ಇದರಿಂದಾದ ಹಾನಿಯೇನೆಂದು ಕೇಳಬಹುದು. ಪಶುಪಕ್ಷಿಗಳಲ್ಲಿ ಇಂತಹದು ಇಲ್ಲವೇ ಇಲ್ಲವೆಂಬ ನಂಬಿಕೆಯು ಆ ಮೌನದ ನೆರಳಿನಲ್ಲಿ ಬೆಳೆಯಿತು. 1977ರಲ್ಲಿ ಹಂಟ್ ದಂಪತಿಗಳು ಕ್ಯಾಲಿಫೋರ್ನಿಯಾದ ಕಡಲಹಕ್ಕಿಗಳಲ್ಲಿ ಎರಡು ಹೆಣ್ಣುಗಳು ಜೊತೆಗೂಡಿ ಗೂಡುಕಟ್ಟಿ ಮೊಟ್ಟೆಗಳಿಗೆ ಕಾವುಕೊಡುವುದನ್ನು ವರದಿಮಾಡಿದಾಗ, ಅದು ಅನೇಕರಿಗೆ ನಂಬಲಾಗದ ಸುದ್ದಿಯಾಯಿತು. ಅತ್ತ ನಮ್ಮ ದೇಶದಲ್ಲಿ 1860ರ ದಂಡಸಂಹಿತೆಯ 377ನೆಯ ವಿಧಿಯು ಅಂತಹ ಮನುಷ್ಯಸಂಬಂಧವನ್ನು "ನಿಸರ್ಗಕ್ರಮಕ್ಕೆ ವಿರುದ್ಧ"ವೆಂದು ದಂಡಿಸುತ್ತಿದ್ದಿತು. ಸಮ್ಮತಿಯುಳ್ಳ ವಯಸ್ಕರ ಮಟ್ಟಿಗೆ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿದುದು 2018ರ ಸೆಪ್ಟೆಂಬರ್ 6ರಂದು. ನಿಸರ್ಗವನ್ನು ಕಣ್ಣಾರೆ ಕಂಡವನ ಬರಹವು ಬೀಗದೊಳಗಿದ್ದಾಗ, ನಿಸರ್ಗದ ಹೆಸರಿನಲ್ಲಿ ಮನುಷ್ಯರಿಗೆ ಶಿಕ್ಷೆಯಾಗುತ್ತಿದ್ದಿತೆಂಬುದು ಶೋಚನೀಯವಲ್ಲವೇ?

ಹಾಗೆಂದು ಪಕ್ಷಿಗಳನ್ನು ಧರ್ಮಕ್ಕೆ ಪ್ರಮಾಣವೆಂದು ಎಣಿಸುವುದೂ ಸರಿಯಲ್ಲ. ಲೆವಿಕ್ಕನ ಅದೇ ಪುಟಗಳಲ್ಲಿ ಮರಿಗಳ ಮೇಲಿನ ಕ್ರೌರ್ಯವೂ ಇದೆ. ಅದನ್ನು ಅನುಕರಿಸಬೇಕೆಂದು ಯಾರೂ ಹೇಳರು. ಪಕ್ಷಿಗಳಿಗೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅವನು ಅವುಗಳಿಗೆ ಹಚ್ಚಿದ ದುರಾಚಾರವೆಂಬ ಹೆಸರು ಮನುಷ್ಯನದೇ. ಮನುಷ್ಯರಿಗೆ ಸಲ್ಲಬೇಕಾದ ನ್ಯಾಯವನ್ನು ಮನುಷ್ಯರ ಸುಖದುಃಖಗಳನ್ನೂ ಸಮ್ಮತಿಯನ್ನೂ ನೋಡಿ ನಿರ್ಣಯಿಸಬೇಕು. ಆದರೆ ನಿಸರ್ಗವು ಹೀಗಿದೆಯೆಂದು ಹೇಳಹೊರಟವನು ಇದ್ದುದನ್ನು ಇದ್ದಂತೆಯೇ ಹೇಳಬೇಕು.

ಲೆವಿಕ್ಕನನ್ನು ನಿಂದಿಸಲು ನನಗೆ ಮನಸ್ಸು ಬಾರದು. ಅವನು ಮುಚ್ಚಿದನು, ಆದರೆ ಹರಿದುಹಾಕಲಿಲ್ಲ. ಆದುದರಿಂದಲೇ ಇಂದು ನಮಗೆ ಆ ಪುಟಗಳು ದೊರೆತಿವೆ. ನಾನಾದರೂ ಈಚೆಗೆ, ಕಾವ್ಯವನ್ನೋದಲು ಮನೆಗೆ ಬರುವ ತರುಣರಿಗೆ ಎಂಟನೆಯ ಸರ್ಗವನ್ನೂ ಪಾಠಹೇಳುತ್ತಿದ್ದೇನೆ.