ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ನೇರ ಬೆಂಗಳೂರಿಗೆ ಬಂದಿಳಿದರು. ಸುಮಾರು 14,000 ಕಿ.ಮೀ., 17 ಗಂಟೆ. ಅಂದ್ರೆ ಗಂಟೆಗೆ 820 ಕಿ.ಮೀ.

ಮೈಸೂರಿನವರ ಲೆಕ್ಕವೇ ಬೇರೆ. ದೇವನಹಳ್ಳಿ ಏರ್‌ಪೋರ್ಟಿಗೆ ಸುಮಾರು 180 ಕಿ.ಮೀ.; ಕಳೆದ ಸಲ ನನಗೆ ಬಸ್ಸಲ್ಲಿ ನಾಲ್ಕೂವರೆ ಗಂಟೆ ಹಿಡೀತು, ಗಂಟೆಗೆ ಬರೀ 40. ವಿದೇಶಕ್ಕಾದರೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ವಿಮಾನ ಏಳೋಕೆ ಮುಂಚೆಯೇ ಏಳೂವರೆ ಗಂಟೆ ಹೋಯ್ತು! 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯ '75 ನಿಮಿಷ' ಬೆಂಗಳೂರಿನ ಅಂಚಿಗಷ್ಟೇ. ಆಮೇಲೆ ಇಡೀ ಊರು ದಾಟಬೇಕಲ್ಲ.

ಮಂಡಕಳ್ಳಿಯಲ್ಲಿ ನಮ್ಮದೇ ನಿಲ್ದಾಣವಿದೆ. ಆದರೆ ರನ್‌ವೇ 1,740 ಮೀಟರ್. ಎಟಿಆರ್‌ನಂಥ ಚಿಕ್ಕ ವಿಮಾನಕ್ಕೆ ಸಾಕು, ದೊಡ್ಡ ಜೆಟ್‌ಗಳಿಗೆ ಸಾಲದು. ಉದ್ದ ಮಾಡೋಣ ಅಂದ್ರೆ ಅಡ್ಡಕ್ಕೆ ನಂಜನಗೂಡು ಹೆದ್ದಾರಿ, ರೈಲು ಹಳಿ. ವೋಟು ಕೇಳೋಕೆ ಬಂದವರನ್ನ ನಾನು ಕೇಳೋದು ಆ ಹಳಿಯ ಬಗ್ಗೆಯೇ.